ಗಿಡುಗವೂ ಇರಲಿ, ಪಿಳ್ಳೆಯೂ ಉಳಿಯಲಿ



ಕಾಫಿ ಕೊಯ್ಲು ಮುಗಿದು ಹೂಮಳೆಗೆ ಕಾಯುವ ದಿನಗಳಲ್ಲಿ ಕೊಡಗಿನ ತೋಟದ ಮನೆಗಳಲ್ಲಿ ಒಂದು ಸಂಕಟದ ಮಾತು ಕೇಳಿಬರುತ್ತದೆ: ಹೇಂಟೆಯ ಹಿಂದೆ ಹತ್ತು ಪಿಳ್ಳೆಗಳಿದ್ದವು, ವಾರದೊಳಗೆ ನಾಲ್ಕಕ್ಕೆ ಇಳಿದವು. ಮನೆಯಲ್ಲಿ ಕೋವಿ ಇರುವ ನಾಡಿದು, ಸಿಟ್ಟು ಬಂದಾಗ ಕೈ ಅತ್ತ ಹೋಗುತ್ತದೆ. ಆದರೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿಯ ಪರವಾನಗಿಗೆ ಸಂಬಂಧಿಸಿದ್ದು, ಬೇಟೆಗಲ್ಲ. ಗಿಡುಗ, ಹದ್ದುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾವಲಿದೆ. ಕಾನೂನಿನ ಮಾತು ಬಿಟ್ಟರೂ ಗುಂಡಿನಿಂದ ಕೋಳಿ ಉಳಿಯುವುದಿಲ್ಲ. ಒಂದು ಗಿಡುಗ ತೆರವು ಮಾಡಿದ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ, ಏಕೆಂದರೆ ಅದನ್ನು ಕರೆಯುತ್ತಿರುವುದು ಮರೆಯಿಲ್ಲದ ನಮ್ಮ ಅಂಗಳ.

ಮೊದಲು ಕಳ್ಳ ಯಾರೆಂದು ನೋಡಬೇಕು. ನಡುಹಗಲಲ್ಲಿ ಬಾನಿನಲ್ಲಿ ಸುತ್ತುತ್ತಾ ಗಟ್ಟಿಯಾಗಿ ಕೂಗುವ ದೊಡ್ಡ ಜುಟ್ಟಿನ ಹಕ್ಕಿಯನ್ನು ಎಲ್ಲರೂ ಬೈಯುತ್ತಾರೆ. ಅದು ಹೆಚ್ಚಾಗಿ ಹಾವು ಹಿಡಿದು ಬದುಕುವ ಗಿಡುಗ. ಪಿಳ್ಳೆ ಒಯ್ಯುವುದು ಸಾಮಾನ್ಯವಾಗಿ ಶಿಕ್ರ. ಗಾತ್ರದಲ್ಲಿ ಪಾರಿವಾಳದಷ್ಟು, ಎದೆಯ ಮೇಲೆ ನಸುಗೆಂಪು ಅಡ್ಡಗೆರೆ. ಅದು ಕೂಗಿ ಬರುವುದಿಲ್ಲ. ಸಿಲ್ವರ್ ಓಕ್ ಕೊಂಬೆಯ ಎಲೆಮರೆಯಲ್ಲಿ ಅಲುಗದೆ ಕೂತು, ನೆಲಕ್ಕೆ ಹತ್ತಿರವಾಗಿ ಒಮ್ಮೆಲೇ ನುಗ್ಗುತ್ತದೆ. ಓತಿ, ಇಲಿ, ಮಿಡತೆ, ಸಣ್ಣ ಹಕ್ಕಿ ಅದರ ನಿತ್ಯದ ಊಟ. ಬೆಳೆದ ಹೇಂಟೆಯನ್ನು ಎತ್ತುವ ಶಕ್ತಿ ಅದಕ್ಕಿಲ್ಲ. ಇನ್ನು ರಾತ್ರಿ ಗೂಡಿನಿಂದ ಕೋಳಿ ಹೋದರೆ ಅದು ಗಿಡುಗದ ಕೆಲಸವಲ್ಲ, ಕಾಡುಬೆಕ್ಕನ್ನೋ ಪುನುಗುಬೆಕ್ಕನ್ನೋ ಅನುಮಾನಿಸಿ.

ನಾನು ಬಹಳ ನಂಬುವ ಕಾವಲುಗಾರ ಹುಂಜ. ಮೇಲಿಂದ ಅಪಾಯ ಬಂದರೆ ಅದರ ಕೂಗು ಬೇರೆ, ನೆಲದಲ್ಲಿ ನಾಯಿಯೋ ಮುಂಗುಸಿಯೋ ಕಂಡರೆ ಬೇರೆ. ಕ್ರಿಸ್ಟೋಫರ್ ಇವಾನ್ಸ್ ಮತ್ತು ಪೀಟರ್ ಮಾರ್ಲರ್ ಮೊದಲಾದವರು 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ಕೂಗುಗಳ ಧ್ವನಿಮುದ್ರಣವನ್ನಷ್ಟೇ ಹೇಂಟೆಗಳಿಗೆ ಕೇಳಿಸಿದರು. ಕಣ್ಣೆದುರು ಯಾವ ಶತ್ರುವೂ ಇರಲಿಲ್ಲ. ಆದರೂ ಗಿಡುಗದ ಕೂಗಿಗೆ ಹೇಂಟೆಗಳು ಮರೆಗೆ ಓಡಿದವು, ನೆಲದ ಶತ್ರುವಿನ ಕೂಗಿಗೆ ಕತ್ತೆತ್ತಿ ಸುತ್ತ ನೋಡಿದವು. ಹಾಗಾಗಿ ಹಬ್ಬಕ್ಕೆಂದು ಇರುವ ಒಂದೇ ಹುಂಜವನ್ನು ಕೊಯ್ಯಬೇಡಿ. ಗಿರಿರಾಜ ಮರಿ ತಂದವರಿಗೆ ಇನ್ನೊಂದು ತೊಡಕಿದೆ: ಯಂತ್ರದಲ್ಲಿ ಒಡೆದ ಆ ಮರಿಗಳಿಗೆ ಎಚ್ಚರಿಸುವ ತಾಯಿ ಇಲ್ಲ. ಅವುಗಳಿಗೆ ಬಲೆಯ ಕಾವಲು ಹೆಚ್ಚು ದಿನ ಬೇಕು.

ಎಚ್ಚರಿಕೆ ಕೇಳಿದರೆ ಸಾಲದು, ಓಡಿ ಅಡಗಲು ಜಾಗವೂ ಬೇಕಲ್ಲ. ಕಾಫಿ ಒಣಗಿಸುವ ಕಣದ ನಡುವೆ ಕಾಳು ಚೆಲ್ಲುವುದೇ ದೊಡ್ಡ ತಪ್ಪು. ರೊಬಸ್ಟಾ ಗಿಡಗಳ ಬುಡದಲ್ಲಿ, ಕೊಟ್ಟಿಗೆಯ ಸೂರಿನ ಕೆಳಗೆ ತಿನ್ನಿಸಿ. ಮರಗಸಿ ಮಾಡಿದಾಗ ಬಿದ್ದ ಕೊಂಬೆಗಳಲ್ಲಿ ಒಂದಿಷ್ಟನ್ನು ಅಂಗಳದ ಅಂಚಿನಲ್ಲಿ ಅಲ್ಲಲ್ಲಿ ಒರಗಿಸಿಟ್ಟರೆ ಪಿಳ್ಳೆಗಳು ನಾಲ್ಕು ಹೆಜ್ಜೆಯಲ್ಲಿ ಮರೆ ಸೇರುತ್ತವೆ. ಕಾಜಾಣದ ಗೂಡಿರುವ ಮರವಿದ್ದರೆ ಆ ಕೊಂಬೆ ಮುಟ್ಟಬೇಡಿ, ತನಗಿಂತ ಎಷ್ಟೋ ದೊಡ್ಡ ಗಿಡುಗವನ್ನೂ ಅದು ಕುಕ್ಕಿ ಅಟ್ಟುತ್ತದೆ.

ಮೊದಲ ಎಂಟು ವಾರ ಮರಿಗಳಿಗೆ ಮೇಲೂ ಮುಚ್ಚಿದ ಆವರಣ ಬೇಕು. ಬಿದಿರಿನ ಚೌಕಟ್ಟಿಗೆ ಕಾಫಿ ನರ್ಸರಿಯ ಹಳೆಯ ನೆರಳುಬಲೆ ಸಾಕು. ಅದನ್ನು ಬಿಗಿಯಾಗಿ ಎಳೆದು ಕಟ್ಟಿ. ಸಡಿಲವಾಗಿ ಜೋತುಬಿದ್ದ ಮೀನುಬಲೆಯಲ್ಲಿ ಗಿಡುಗದ ಕಾಲು, ಗೂಬೆಯ ರೆಕ್ಕೆ ಸಿಕ್ಕಿಕೊಂಡು ನರಳಿ ಸಾಯುತ್ತವೆ, ಅದನ್ನು ಹಾಕಲೇಬೇಡಿ. ಮಿರುಗುವ ಪಟ್ಟಿ, ಹಳೆಯ ಸಿ.ಡಿ. ಕಟ್ಟುವುದರಿಂದ ಕೆಲವು ದಿನ ಪ್ರಯೋಜನವಿದೆ. ಜಾಗ ಬದಲಿಸದಿದ್ದರೆ ಗಿಡುಗಕ್ಕೆ ಅದು ರೂಢಿಯಾಗುತ್ತದೆ.

ಕಾವಿಗೆ ಕೂರಿಸುವ ಕಾಲವನ್ನೂ ಯೋಚಿಸಿ. ಶಿಕ್ರ ತನ್ನ ಮರಿಗಳಿಗೆ ಉಣಿಸುವುದು ಬೇಸಿಗೆಯಲ್ಲಿ, ಆಗ ಅದರ ಬೇಟೆ ಹೆಚ್ಚು. ಜೋರು ಮಳೆಗಾಲದಲ್ಲಿ ಒಡೆದ ಪಿಳ್ಳೆಗಳಿಗೆ ಶೀತದ ಕಾಟ. ಅಕ್ಟೋಬರಿನಲ್ಲಿ, ತುಲಾ ಸಂಕ್ರಮಣದ ಹೊತ್ತಿಗೆ ಹೇಂಟೆಯನ್ನು ಕೂರಿಸಿದರೆ 21 ದಿನಕ್ಕೆ ಮರಿ ಹೊರಬರುತ್ತದೆ. ಜನವರಿ ಕೊನೆಗೆ ಅವು ಮೂರು ತಿಂಗಳ ಕೋಳಿಗಳು, ಶಿಕ್ರಕ್ಕೆ ಹೊತ್ತೊಯ್ಯಲಾಗದಷ್ಟು ಬೆಳೆದಿರುತ್ತವೆ.