ಸುತ್ತುದಾರಿಯ ಇಂಟರ್ನೆಟ್

ಜಹೀರಾಬಾದಿನಿಂದ ಬೀದರಿಗೆ ಹೊರಟವರು ಹೈದರಾಬಾದು ಸುತ್ತಿ ಹೋದರೆ ಹೇಗೆ? ಬಸ್ಸು ಚೆನ್ನಾಗಿದ್ದರೂ ಹೊತ್ತು ಮೀರುತ್ತದೆ.

ಇಂಟರ್ನೆಟ್ಟಿನಲ್ಲೂ ಹೀಗಾಗುತ್ತದೆ. ಹೈದರಾಬಾದಿನಲ್ಲಿ 2022ರಿಂದ ಅಮೆಜಾನಿನ ಕ್ಲೌಡ್ ಕೇಂದ್ರವಿದೆ. ನಮಗೆ ಸುಮಾರು 100 ಕಿಲೋಮೀಟರ್. ಗಾಜಿನ ತಂತಿಯಲ್ಲಿ ಬೆಳಕು ಹೋಗಿಬರಲು ಒಂದು ಮಿಲಿಸೆಕೆಂಡು ಸಾಕು. ಆದರೆ ಇಂಟರ್ನೆಟ್ ಕಂಪನಿಯವರು ಸಿಂಗಾಪುರದ ಮೇಲಿಂದ ಕಳುಹಿಸಿದರೆ? ಮಗಳ ಅರ್ಜಿಯ ಕೊನೆಯ ಗಳಿಗೆ ಕಳೆದೇ ಹೋದೀತು.

ಉಳಿದ ತಾಣಗಳು ಬೇಗ ತೆರೆದು ಅದೊಂದೇ ತಡವಾದರೆ, ಬೇರೆ ಕಂಪನಿಯ ಸಿಮ್ಮಿನಿಂದ ತೆರೆದು ನೋಡಿ. ಬೇಗ ಬಂತೇ? ಹಾಗಾದರೆ ದೋಷ ಹೆಚ್ಚಾಗಿ ದಾರಿಯದು, ನಿಮ್ಮ ಯಂತ್ರದ್ದಲ್ಲ. ವಿಂಡೋಸ್ ಕಂಪ್ಯೂಟರಿನಲ್ಲಿ ‘ಟ್ರೇಸರ್ಟ್’ ಆಜ್ಞೆಯ ಮುಂದೆ ತಾಣದ ಹೆಸರು ಕೊಟ್ಟರೆ, ನಡುವಿನ ನಿಲ್ದಾಣಗಳೂ ಅವುಗಳ ವೇಳೆಯೂ ಕಾಣುತ್ತವೆ. ಅದನ್ನು ಬರೆದು ಕಂಪನಿಗೆ ದೂರು ಕೊಡಿ. ಹೊಸ ಫೋನಿಗೆ ದುಡ್ಡು ಸುರಿಯಬೇಡಿ.