ಮೊದಲು ಮೇಷ್ಟ್ರ ಹೆಸರು ತಿಳಿದುಕೊಳ್ಳಿ!
(ಶಿಕ್ಷಕರ ದಿನಾಚರಣೆಯ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಪಿ.ಯು.ಸಿ.ವರೆಗೆ ಓದಿ, ತಂದೆಯವರ ಕಾಲದ ಪ್ರೆಸ್ಸನ್ನು ನಡೆಸಿಕೊಂಡು ಬಂದವನು. ಮದುವೆ ಕರೆಯೋಲೆ, ಬಿಲ್ ಪುಸ್ತಕ, ರಾಜ್ಯೋತ್ಸವದ ಕರಪತ್ರ, ಇವೇ ನನ್ನ ಸಾಹಿತ್ಯ. ಗುರುಗಳನ್ನು ಹೇಗೆ ಕರೆಯಬೇಕು, ಹೇಗೆ ಗೌರವಿಸಬೇಕು ಎಂದು ಎರಡು ಮಾತು ಹೇಳಿ ಅಂದರು. ನನ್ನ ಪ್ರೆಸ್ಸಿನಲ್ಲೇ ನಡೆದದ್ದನ್ನು ಹೇಳುತ್ತೇನೆ.

ಒಂದು ಶಾಲೆಯ ಹತ್ತನೇ ತರಗತಿಯ ಮಕ್ಕಳು ಬೀಳ್ಕೊಡುಗೆ ಸಮಾರಂಭದ ಆಹ್ವಾನ ಪತ್ರಿಕೆ ಮಾಡಿಸಲು ಬಂದಿದ್ದರು. ತಂದ ಹಾಳೆಯಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಅಧ್ಯಾಪಕರ ಹೆಸರು, ಇನಿಷಿಯಲ್ಲು, ಪದವಿ ಎಲ್ಲ ಇತ್ತು. ಕೊನೆಯ ಸಾಲಿನಲ್ಲಿ 'ಕನ್ನಡ ಮಿಸ್' ಎಂದಷ್ಟೇ ಇತ್ತು. "ಅವರ ಹೆಸರೇನಪ್ಪಾ?" ಎಂದೆ. ಮುಖ ಮುಖ ನೋಡಿಕೊಂಡರು. ಮೂರು ವರ್ಷ ಪಾಠ ಕೇಳಿದ ಮಕ್ಕಳಿಗೆ ಹೆಸರೇ ಗೊತ್ತಿಲ್ಲ! "ಕನ್ನಡ ಮಿಸ್ ಅಂತಾನೇ ಹಾಕಿ ಅಂಕಲ್, ನಡೆಯುತ್ತೆ" ಎಂದ ಒಬ್ಬ ಹುಡುಗ. ನಡೆಯುವುದಿಲ್ಲ, ಹೆಸರು ಬರೆಸಿಕೊಂಡು ಬಾ, ಆಮೇಲೆ ಅಚ್ಚು ಹಾಕುತ್ತೇನೆ ಎಂದು ಕಳಿಸಿದೆ. ಮಾರನೆಯ ದಿನ ತಂದ. ಹೆಸರಿನ ಮುಂದೆ ಎಂ.ಎ., ಬಿ.ಎಡ್. ಇತ್ತು! "ಹೆಸರು ಬರೆದುಕೊಡಿ ಅಂದ್ರೆ ಮಿಸ್ ಸ್ವಲ್ಪ ಹೊತ್ತು ಸುಮ್ಮನೆ ನಿಂತ್ಬಿಟ್ರು ಅಂಕಲ್" ಎಂದ. ಆ ಮೌನದ ಅರ್ಥ ಅವನಿಗೆ ಗೊತ್ತಾಯಿತು ಎಂದುಕೊಂಡಿದ್ದೇನೆ.

ಬಂಧುಗಳೇ, ನಾನೇನೂ ಸಾಚಾ ಅಲ್ಲ. ಹೈಸ್ಕೂಲಿನಲ್ಲಿ ಎದುರಿಗೆ 'ಸಾರ್, ಸಾರ್' ಎಂದು, ಹಿಂದಿನಿಂದ ಅಡ್ಡಹೆಸರಿಟ್ಟು ನಕ್ಕವನೇ. ಒಮ್ಮೆ ಪ್ರೆಸ್ಸಿನಲ್ಲಿ ನಮ್ಮ ಮೇಷ್ಟ್ರ ಬಗ್ಗೆ 'ಅವನು ಇವತ್ತು ಬಂದ' ಎಂದೆ. ಮೊಳೆ ಜೋಡಿಸುತ್ತಿದ್ದ ತಂದೆಯವರು ಕೈ ನಿಲ್ಲಿಸಿ, "ಬಂದ ಅಲ್ಲ, ಬಂದರು. ಒಂದು ಮೊಳೆ ಜಾಸ್ತಿ ಹಾಕಿದರೆ ನಿನ್ನ ಗಂಟೇನೂ ಹೋಗೋದಿಲ್ಲ" ಎಂದರು. ಆ ಒಂದು 'ರು' ಅಕ್ಷರದಲ್ಲಿ ನಮ್ಮ ಕನ್ನಡದ ಗೌರವವೆಲ್ಲ ಇದೆ. ಇಂಗ್ಲಿಷಿನಲ್ಲಿ ದೊಡ್ಡವರಿಗೂ ಚಿಕ್ಕವರಿಗೂ ಒಂದೇ 'ಯು'. ನಮಗೆ ನೀವು ಇದೆ, ಅವರು ಇದೆ. ಎದುರಿಗಿಲ್ಲದವರನ್ನೂ ಬಹುವಚನದಲ್ಲಿ ಗೌರವಿಸುವ ಭಾಷೆ ನಮ್ಮದು. 'ಮೇಷ್ಟ್ರು' ಎಂಬುದೂ ಇಂಗ್ಲಿಷಿನ ಮಾಸ್ಟರ್‌ನಿಂದ ಬಂದದ್ದೇ. ಆದರೆ ನಮ್ಮ ಜನ ಅದಕ್ಕೊಂದು 'ರು' ಸೇರಿಸಿ ಮನೆಯ ಮಾತು ಮಾಡಿಕೊಂಡರು. ಉತ್ತರ ಕರ್ನಾಟಕದಲ್ಲಿ ಮಾಸ್ತರು, ಉತ್ತರ ಕನ್ನಡದ ಕಡೆ ಶಿಕ್ಷಕಿಗೆ ಅಕ್ಕೋರು. ಇಂಥ ಮಾತುಗಳಿರುವಾಗ 'ಮಿಸ್' ಯಾಕೆ?

ಪಕ್ಕದ ಕೇರಳದಲ್ಲಿ 2023ರ ಜನವರಿಯಲ್ಲಿ ಅಲ್ಲಿನ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ಸರ್, ಮೇಡಂ ಬಿಟ್ಟು ಎಲ್ಲರನ್ನೂ 'ಟೀಚರ್' ಎಂದೇ ಕರೆಯಬೇಕೆಂದು ಹೇಳಿತು. ಗಂಡು ಹೆಣ್ಣೆಂಬ ಭೇದ ಬೇಡ ಎಂಬುದು ಅವರ ವಿಚಾರ. ಒಳ್ಳೆಯದೇ. ಆದರೆ ಆ ಭೇದ ಮಾಡದ 'ಗುರುಗಳೇ' ಎಂಬ ಮಾತು ನಮ್ಮ ನಾಲಿಗೆಯ ಮೇಲೆ ಎಂದಿನಿಂದಲೂ ಇದೆ!

ಕುವೆಂಪು ಅವರ ಗುರುಗಳಾದ ಟಿ.ಎಸ್. ವೆಂಕಣ್ಣಯ್ಯನವರು ತೀರಿಕೊಂಡದ್ದು 1939ರಲ್ಲಿ. ಅದಾದ ಹತ್ತು ವರ್ಷಕ್ಕೆ ಅಚ್ಚಾದ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಕುವೆಂಪು ಅರ್ಪಿಸಿದ್ದು ಆ ಗುರುಗಳಿಗೇ. ಮುಂದೆ ಜ್ಞಾನಪೀಠ ಬಂದದ್ದೂ ಅದೇ ಕೃತಿಗೆ. ಗುರುವಿನ ಹೆಸರನ್ನು ಶಿಷ್ಯ ಉಳಿಸುವುದು ಹೀಗೆ. ನಾವು ಆಹ್ವಾನ ಪತ್ರಿಕೆಯಲ್ಲಾದರೂ ಉಳಿಸಬಾರದೇ?

ರಾಜ್ಯದಲ್ಲಿ 2015ರಲ್ಲಿ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂತು. ಕಾಯ್ದೆ ವೇಳಾಪಟ್ಟಿಯಲ್ಲಿ ಒಂದು ಪೀರಿಯಡ್ಡು ಕೊಡಿಸಬಹುದು, ಗೌರವ ಕೊಡಿಸಲಾರದು. ಕನ್ನಡ ಮಾತಾಡಿದ ಮಗುವಿಗೆ ದಂಡ ಹಾಕುವ ಶಾಲೆಯಲ್ಲಿ ಕನ್ನಡ ಕಲಿಸುವವರಿಗೆ ಗೌರವ ಎಲ್ಲಿಂದ ಬರಬೇಕು? ಆಡಳಿತ ಮಂಡಳಿಗಳೇ ಉತ್ತರ ಹೇಳಲಿ. ಆ ಹುಡುಗನದೊಬ್ಬನದೇ ತಪ್ಪಲ್ಲ.

ಮಕ್ಕಳೇ, ನಿಮಗೆ ಹೇಳುವುದು ಇಷ್ಟೇ. ಕಾಲಿಗೆ ಬೀಳಿ ಎಂದು ನಾನು ಹೇಳುವುದಿಲ್ಲ. ಪಾಠ ಹೇಳಿದ ಪ್ರತಿಯೊಬ್ಬರ ಪೂರ್ಣ ಹೆಸರು ತಿಳಿದುಕೊಳ್ಳಿ. ಎದುರಿಗೆ ನೀವು, ಹಿಂದಿನಿಂದಲೂ ಅವರು ಎನ್ನಿ. ಫೋನಿನಲ್ಲಿ ಎರಡು ಇಂಗ್ಲಿಷ್ ಅಕ್ಷರ ಒತ್ತುವ ಬದಲು 'ನಮಸ್ಕಾರ ಮೇಷ್ಟ್ರೇ' ಎಂದು ಕನ್ನಡದಲ್ಲೇ ಬರೆಯಿರಿ. ಅರ್ಥವಾಗದಿದ್ದರೆ ಎದ್ದು ನಿಂತು ಕೇಳಿ. ಪ್ರಶ್ನೆ ಕೇಳುವುದು ಅಗೌರವವಲ್ಲ, ಕೇಳದೆ ಹಿಂದೆ ಆಡಿಕೊಳ್ಳುವುದು ಅಗೌರವ. ಗುರುಗಳೇ, ನೀವೂ ಮಕ್ಕಳನ್ನು ರೋಲ್ ನಂಬರಿನಿಂದಲ್ಲ, ಹೆಸರು ಹಿಡಿದು ಕರೆಯಿರಿ.

ಇಂದು ಮನೆಗೆ ಹೋಗುವ ಮುನ್ನ ನಿಮ್ಮ ಕನ್ನಡ ಮೇಷ್ಟ್ರ ಹೆಸರನ್ನು ತಪ್ಪಿಲ್ಲದೆ ಒಮ್ಮೆ ಬರೆದು ನೋಡಿ. ಬರೆಯಲು ಬಾರದಿದ್ದರೆ ನಾಳೆ ಹೋಗಿ ಕೇಳಿ.

ಸಿರಿಗನ್ನಡಂ ಗೆಲ್ಗೆ!