ಡ್ರಮ್ಮಿನ ನೀರು, ಕಲನದ ಲೆಕ್ಕ

ಭೌತಶಾಸ್ತ್ರಕ್ಕೆ ಲ್ಯಾಬ್ ಸರಿ, ಗಣಿತಕ್ಕೆ ಯಾಕೆ ಎಂದು ಕೇಳುವವರು ಇನ್ನೂ ಇದ್ದಾರೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 2022ರ ಪಠ್ಯಕ್ರಮದಲ್ಲಿ ಮೊದಲ ವರ್ಷದ ಗಣಿತಕ್ಕೇ ಲ್ಯಾಬ್ ಜೋಡಿಸಿತು. ವಕ್ರರೇಖೆಗಳನ್ನು ಹುಡುಗರು ಕಂಪ್ಯೂಟರಿನಲ್ಲಿ ತಾವೇ ಬರೆದು ನೋಡುತ್ತಾರೆ. ಒಳ್ಳೆಯ ಹೆಜ್ಜೆ. ಆದರೆ ಪರದೆಯೊಂದೇ ಸಾಲದು, ಕೈಯೂ ಒದ್ದೆಯಾಗಬೇಕು.

ನೀರು ತುಂಬಿಡುವ ಡ್ರಮ್ಮು ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಹೊಸದಲ್ಲ. ಅಂಥದೊಂದರ ತಳಕ್ಕೆ ನಳ, ಪಕ್ಕಕ್ಕೆ ಅಳತೆಪಟ್ಟಿ, ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚ್ ಇದ್ದರೆ ಪ್ರಯೋಗ ಸಿದ್ಧ. ನಳ ಬಿಟ್ಟರೆ, ಡ್ರಮ್ಮು ಬರಿದಾಗಲು ಹಿಡಿಯುವ ಹೊತ್ತಿನಲ್ಲಿ ಶೇಕಡಾ 29ರಷ್ಟು ಕಳೆಯುವಾಗಲೇ ನೀರು ಅರ್ಧಕ್ಕಿಳಿದಿರುತ್ತದೆ. ಉಳಿದರ್ಧಕ್ಕೆ ಶೇಕಡಾ 71 ಬೇಕು! ಹೊರಬೀಳುವ ನೀರಿನ ವೇಗ ಒಳಗಿರುವ ನೀರಿನ ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ ಎಂದು 17ನೇ ಶತಮಾನದಲ್ಲಿ ಟೊರಿಸೆಲ್ಲಿ ಹೇಳಿದ್ದ. ಆ ಸೂತ್ರವನ್ನು ಅನುಕಲಿಸಿದರೆ ಬರುವುದು ಇದೇ ಲೆಕ್ಕ. ಬೋರ್ಡಿನ ಮೇಲೆ ಬಾಯಿಪಾಠವಾಗಿದ್ದ ಬದಲಾವಣೆಯ ದರ ಇಲ್ಲಿ ಕಣ್ಣೆದುರೇ ನಿಧಾನವಾಗುತ್ತದೆ.

ತಳ ಹತ್ತಿರವಾದಂತೆ ಅಳತೆ ಸೂತ್ರದಿಂದ ದೂರ ಸರಿಯುತ್ತದೆ. ಯಾಕೆ ಹೀಗೆ ಎಂದು ಹುಡುಗರು ಮೇಷ್ಟ್ರ ಜೊತೆ ವಾದಕ್ಕಿಳಿಯಲಿ. ಉತ್ತರಕ್ಕಷ್ಟೇ ಅಲ್ಲ, ಆ ವಾದಕ್ಕೂ ಪರೀಕ್ಷೆಯಲ್ಲಿ ಅಂಕ ಸಿಗಬೇಕು.